ಘರಕುಲ: ಯಾದಿಯಿಂದ ಬಾಗಿಲವರೆಗೆ – ಗಡಿ ತಾಲೂಕುಗಳ ಕನ್ನಡ ಪಾಲಕರಿಗೆ ಕೈಪಿಡಿ

ಅಕ್ಕಲಕೋಟೆ, ದಕ್ಷಿಣ ಸೋಲಾಪುರ ಮತ್ತು ಜತ್ತ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಸರಕಾರಿ ವಸತಿ ಯೋಜನೆಗೆ ಇರುವ ಹೆಸರು ಒಂದೇ: ಘರಕುಲ. ಕಾಗದದಲ್ಲಿ ಅದು ಪ್ರಧಾನಮಂತ್ರಿ ಆವಾಸ ಯೋಜನೆ – ಗ್ರಾಮೀಣ. ಬಡ ಕುಟುಂಬವೊಂದು ಮಣ್ಣಿನ ಗೋಡೆ ಅಥವಾ ತಗಡಿನ ಮಾಡಿನಿಂದ ಪಕ್ಕಾ ಮನೆಗೆ ಬರಲು ನಮ್ಮ ಭಾಗದಲ್ಲಿರುವ ಬಹುದೊಡ್ಡ ಆಧಾರವಿದು. ಆದರೆ ಯೋಜನೆಯ ಯಾದಿ, ಠರಾವು, ನೋಟೀಸು, ಮಂಜೂರಾತಿ ಪತ್ರಗಳೆಲ್ಲ ಮರಾಠಿಯಲ್ಲಿ ಇರುತ್ತವೆ. ಕನ್ನಡ ಮಾತ್ರ ಓದಬಲ್ಲ ತಾಯಿತಂದೆಯರು ತಮ್ಮ ಕಡತ ಯಾವ ಹಂತದಲ್ಲಿದೆ, ಎಲ್ಲಿ ನಿಂತಿದೆ ಎಂಬುದನ್ನು ತಿಳಿಯದೆ ಮಧ್ಯವರ್ತಿಯನ್ನು ಅವಲಂಬಿಸುವುದನ್ನು ನಾವು ವರ್ಷಗಳಿಂದ ಕಾಣುತ್ತಿದ್ದೇವೆ. ಯೋಜನೆಯ ಪ್ರತಿ ಹಂತವೂ ಪ್ರಶ್ನಿಸಬಹುದಾದ ಸಾರ್ವಜನಿಕ ಕ್ರಮವಾಗಿದ್ದು, ಆ ಪ್ರಶ್ನೆಯನ್ನು ಕನ್ನಡದಲ್ಲಿಯೇ ಬರೆದು ಸಲ್ಲಿಸುವ ಹಕ್ಕನ್ನು ಸಂವಿಧಾನವು ನೀಡಿದೆ. ಈ ಎರಡು ವಿಷಯಗಳನ್ನು ಪಾಲಕರು ಸ್ಪಷ್ಟವಾಗಿ ಅರಿಯಬೇಕೆಂಬುದೇ ಈ ಲೇಖನದ ಉದ್ದೇಶ.

ಯೋಜನೆಯ ಹಿನ್ನೆಲೆ

ಗ್ರಾಮೀಣ ಬಡವರಿಗೆ ಮನೆ ಕಟ್ಟಿಕೊಡುವ ಇಂದಿರಾ ಆವಾಸ ಯೋಜನೆ 1985-86ರಲ್ಲಿ ಉದ್ಯೋಗ ಕಾರ್ಯಕ್ರಮವೊಂದರ ಭಾಗವಾಗಿ ಆರಂಭವಾಯಿತು. 1996ರ ಜನವರಿ 1ರಿಂದ ಅದು ಸ್ವತಂತ್ರ ಯೋಜನೆಯಾಯಿತು. 2016ರಲ್ಲಿ ಅದನ್ನು ಪುನರ್ರಚಿಸಿ ಪ್ರಧಾನಮಂತ್ರಿ ಆವಾಸ ಯೋಜನೆ – ಗ್ರಾಮೀಣ ಎಂದು ಹೆಸರಿಸಲಾಯಿತು. ಮೊದಲ ಘಟ್ಟದ ಗುರಿ ದೇಶದಾದ್ಯಂತ 2.95 ಕೋಟಿ ಮನೆಗಳು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 2024-25ರಿಂದ 2028-29ರ ಅವಧಿಗೆ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ನೀಡಿತು. ಮಹಾರಾಷ್ಟ್ರದಲ್ಲಿ ಈ ಎರಡನೆಯ ಘಟ್ಟದ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2025ರ ಫೆಬ್ರುವರಿ 22ರಂದು ಪುಣೆಯಲ್ಲಿ ನಡೆದ ಸಮಾರಂಭದಲ್ಲಿ ರಾಜ್ಯದ 20 ಲಕ್ಷ ಫಲಾನುಭವಿಗಳ ಮಂಜೂರಾತಿ ಪತ್ರಗಳನ್ನು ಪ್ರಕಟಿಸಲಾಯಿತು.

ವೆಚ್ಚದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40 ಪ್ರತಿಶತ. ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ.

ಹಣ ಎಷ್ಟು, ಎಲ್ಲಿಂದ?

ಫಲಾನುಭವಿಗೆ ಹಣವು ಒಂದೇ ಯೋಜನೆಯಿಂದ ಬರುವುದಿಲ್ಲ. ಇದನ್ನು ಅರಿಯದ ಕುಟುಂಬಗಳು ಮೊದಲ ಮೊತ್ತವನ್ನಷ್ಟೇ ಪಡೆದು ಉಳಿದುದನ್ನು ಕಳೆದುಕೊಳ್ಳುತ್ತವೆ. ನಮ್ಮಂತಹ ಬಯಲು ಪ್ರದೇಶದ ತಾಲೂಕುಗಳಿಗೆ 2025-26ರಲ್ಲಿ ಅನ್ವಯಿಸುವ ಲೆಕ್ಕ ಹೀಗಿದೆ:

– ಮನೆಯ ಮೂಲ ಅನುದಾನ: 1,20,000 ರೂಪಾಯಿ (ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಗಳಲ್ಲಿ 1,30,000).
– ಉದ್ಯೋಗ ಖಾತ್ರಿಯಡಿ 90 ದಿನಗಳ ಕೂಲಿ: ದಿನಕ್ಕೆ 312 ರೂಪಾಯಿಯಂತೆ 28,080 ರೂಪಾಯಿ.
– ಸ್ವಚ್ಛ ಭಾರತ ಮಿಷನ್ ವತಿಯಿಂದ ಶೌಚಾಲಯಕ್ಕೆ: 12,000 ರೂಪಾಯಿ.
– ಮಹಾರಾಷ್ಟ್ರ ಸರಕಾರ 2025ರಲ್ಲಿ ಘೋಷಿಸಿದ ಹೆಚ್ಚುವರಿ ಅನುದಾನ: 50,000 ರೂಪಾಯಿ. ಇದರಲ್ಲಿ 35,000 ಕಟ್ಟಡಕ್ಕೆ, 15,000 ಮಾಡಿನ ಮೇಲಿನ ಸೌರ ವಿದ್ಯುತ್ ಘಟಕಕ್ಕೆ.

ಎಲ್ಲವೂ ಸೇರಿದರೆ ಸುಮಾರು 2 ಲಕ್ಷ 10 ಸಾವಿರ ರೂಪಾಯಿ. ಇದಲ್ಲದೆ ರಾಜ್ಯದ ಮರಳು ನೀತಿಯಂತೆ ಘರಕುಲ ಫಲಾನುಭವಿಗೆ 5 ಬ್ರಾಸ್‌ವರೆಗೆ ಮರಳು ಉಚಿತ. ಇಷ್ಟರಲ್ಲಿಯೂ ಮನೆ ಪೂರ್ಣವಾಗುವುದು ಕಷ್ಟವೆಂಬುದು ಕಟ್ಟಿದವರೆಲ್ಲರ ಅನುಭವ. ಆದ್ದರಿಂದಲೇ ಬರಬೇಕಾದ ಒಂದೊಂದು ಬಾಬತ್ತೂ ಮುಖ್ಯವಾಗುತ್ತದೆ.

ಕೂಲಿಯ ಹಣ ತಾನಾಗಿ ಬರುವುದಿಲ್ಲ. ಕುಟುಂಬದ ಬಳಿ ಜಾಬ್ ಕಾರ್ಡ್ ಇರಬೇಕು; ಮನೆ ಕಟ್ಟುವ ದಿನಗಳಿಗೆ ಹಾಜರಿ ಪಟ್ಟಿ (ಮಸ್ಟರ್) ತೆಗೆಯಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ಹಿಂದಿನ ದಿನಗಳ ಮಸ್ಟರ್ ಸಿಗದು. ಪಾಯಾ ಅಗೆಯುವ ಮುನ್ನವೇ ಗ್ರಾಮ ರೋಜಗಾರ ಸೇವಕರಿಗೆ ಕೆಲಸದ ಬೇಡಿಕೆ ಕೊಡತಕ್ಕದ್ದು. ಶೌಚಾಲಯದ ಅನುದಾನವನ್ನು ಹಿಂದೆ ಒಮ್ಮೆ ಪಡೆದಿರುವ ಕುಟುಂಬಕ್ಕೆ ಅದು ಮತ್ತೆ ದೊರೆಯುವುದಿಲ್ಲ.

ಯಾರು ಅರ್ಹರು?

ಮನೆಯಿಲ್ಲದವರು ಹಾಗೂ ಕಚ್ಚಾ ಗೋಡೆ, ಕಚ್ಚಾ ಮಾಡಿನ ಒಂದೆರಡು ಕೋಣೆಗಳಲ್ಲಿ ವಾಸಿಸುವವರು ಅರ್ಹರು. ಮೊದಲ ಘಟ್ಟದ ಯಾದಿ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯನ್ನು ಆಧರಿಸಿತ್ತು. ಅದರಲ್ಲಿ ಬಿಟ್ಟುಹೋದವರಿಗಾಗಿ 2018-19ರಲ್ಲಿ ‘ಆವಾಸ ಪ್ಲಸ್’ ಸಮೀಕ್ಷೆ ನಡೆಯಿತು. ಎರಡನೆಯ ಘಟ್ಟಕ್ಕಾಗಿ ‘ಆವಾಸ ಪ್ಲಸ್ 2024’ ಎಂಬ ಮೊಬೈಲ್ ಆ್ಯಪ್ ಬಂದಿದೆ. ಇದರಲ್ಲಿ ನೇಮಿತ ಸಿಬ್ಬಂದಿ ಮನೆಗೆ ಬಂದು ಮಾಡುವ ಸಮೀಕ್ಷೆಯ ಜೊತೆಗೆ ಕುಟುಂಬವು ತಾನೇ ಮಾಡಿಕೊಳ್ಳುವ ಸ್ವಯಂ ಸಮೀಕ್ಷೆಗೂ ಅವಕಾಶ ಕಲ್ಪಿಸಲಾಯಿತು.

ಅನರ್ಹತೆಯ ನಿಯಮಗಳು ಮೊದಲು 13 ಇದ್ದವು. ಎರಡನೆಯ ಘಟ್ಟದಲ್ಲಿ ಅವು 10ಕ್ಕೆ ಇಳಿದಿವೆ. ಈಗ ಅನರ್ಹರಾಗುವವರು:

1. ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ ಉಳ್ಳವರು.
2. ಮೂರು ಅಥವಾ ನಾಲ್ಕು ಚಕ್ರದ ಯಾಂತ್ರಿಕ ಕೃಷಿ ಉಪಕರಣ ಉಳ್ಳವರು.
3. 50,000 ರೂಪಾಯಿ ಅಥವಾ ಹೆಚ್ಚಿನ ಸಾಲಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಉಳ್ಳವರು.
4. ಸದಸ್ಯರೊಬ್ಬರು ಸರಕಾರಿ ನೌಕರರಾಗಿರುವ ಕುಟುಂಬ.
5. ಸರಕಾರದಲ್ಲಿ ನೋಂದಾಯಿತ ಕೃಷಿಯೇತರ ಉದ್ಯಮ ಉಳ್ಳವರು.
6. ಸದಸ್ಯರೊಬ್ಬರ ತಿಂಗಳ ಗಳಿಕೆ 15,000 ರೂಪಾಯಿಗಿಂತ ಹೆಚ್ಚಿರುವ ಕುಟುಂಬ.
7. ಆದಾಯ ತೆರಿಗೆ ಕಟ್ಟುವವರು.
8. ವೃತ್ತಿ ತೆರಿಗೆ ಕಟ್ಟುವವರು.
9. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಭೂಮಿ ಉಳ್ಳವರು.
10. ಐದು ಎಕರೆ ಅಥವಾ ಹೆಚ್ಚು ಒಣಭೂಮಿ ಉಳ್ಳವರು.

ದ್ವಿಚಕ್ರ ವಾಹನ, ಫ್ರಿಜ್ ಮತ್ತು ಸ್ಥಿರ ದೂರವಾಣಿಯ ಕಾರಣದಿಂದ ಅನರ್ಹರೆನ್ನುವ ನಿಯಮ ಈಗ ಇಲ್ಲ. ತಿಂಗಳ ಗಳಿಕೆಯ ಮಿತಿಯೂ 10,000ದಿಂದ 15,000ಕ್ಕೆ ಏರಿದೆ. ‘ನಿಮ್ಮ ಮನೆಯಲ್ಲಿ ಮೋಟಾರ್ ಸೈಕಲ್ ಇದೆ, ಹೆಸರು ಬರದು’ ಎಂದು ಯಾರಾದರೂ ಹೇಳಿದರೆ ಅದು ಹಳೆಯ ನಿಯಮವೆಂದು ತಿಳಿಯಿರಿ.

ಅರ್ಹರೊಳಗೆ ಆದ್ಯತೆಯ ಕ್ರಮವಿದೆ. ಸೂರಿಲ್ಲದವರು, ಭಿಕ್ಷೆಯಿಂದ ಬದುಕುವವರು, ಕಾನೂನಿನಂತೆ ಬಿಡುಗಡೆಗೊಂಡ ಜೀತದಾಳುಗಳು ಮೊದಲಾದವರು ನೇರವಾಗಿ ಸೇರುತ್ತಾರೆ. ಉಳಿದವರಲ್ಲಿ ಕೋಣೆಗಳ ಸಂಖ್ಯೆ ಮತ್ತು ವಂಚಿತತೆಯ ಅಂಶಗಳನ್ನು ನೋಡಲಾಗುತ್ತದೆ. 16ರಿಂದ 59ರ ವಯಸ್ಸಿನ ವಯಸ್ಕರಿಲ್ಲದ ಮನೆ, ಆ ವಯಸ್ಸಿನ ಗಂಡಸರಿಲ್ಲದೆ ಹೆಣ್ಣುಮಗಳೇ ಯಜಮಾನಿಯಾಗಿರುವ ಮನೆ, 25 ವರ್ಷ ಮೀರಿದ ಸಾಕ್ಷರರಿಲ್ಲದ ಮನೆ, ಅಂಗವಿಕಲ ಸದಸ್ಯರಿದ್ದು ದುಡಿಯಬಲ್ಲ ವಯಸ್ಕರಿಲ್ಲದ ಮನೆ, ಕೂಲಿಯನ್ನೇ ನಂಬಿದ ಭೂಹೀನರ ಮನೆ ಇವು ಆ ಅಂಶಗಳು. ಕನ್ನಡದಲ್ಲಿ ಓದುಬರಹ ಬಲ್ಲವರೂ ಸಾಕ್ಷರರೇ. ಮರಾಠಿ ಬಾರದವರನ್ನು ನಿರಕ್ಷರರೆಂದು ಬರೆಸುವುದು ತಪ್ಪು ಮಾಹಿತಿಯಾಗುತ್ತದೆ. ಪರಿಶೀಲನೆಯಲ್ಲಿ ಅದು ಕುಟುಂಬಕ್ಕೇ ತೊಡಕಾಗಬಹುದು.

‘ಅಲ್ಪಸಂಖ್ಯಾತ’ ಎಂಬ ಶಬ್ದದ ಗೊಂದಲ

ಯೋಜನೆಯ ಗುರಿಯಲ್ಲಿ 60 ಪ್ರತಿಶತವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ರಾಷ್ಟ್ರಮಟ್ಟದಲ್ಲಿ 15 ಪ್ರತಿಶತವನ್ನು ಅಲ್ಪಸಂಖ್ಯಾತರಿಗೆ ಮೀಸಲಿಡಲಾಗಿದೆ. ನಾವು ಭಾಷಿಕ ಅಲ್ಪಸಂಖ್ಯಾತರಾದ ಕಾರಣ ಈ 15 ಪ್ರತಿಶತದಲ್ಲಿ ಬರುತ್ತೇವೆಂದು ಹಲವು ಪಾಲಕರು ನಂಬಿದ್ದಾರೆ. ಅದು ಸರಿಯಲ್ಲ. ಇಲ್ಲಿ ಅಲ್ಪಸಂಖ್ಯಾತರೆಂದರೆ ಕೇಂದ್ರ ಸರಕಾರ ಅಧಿಸೂಚಿಸಿದ ಧಾರ್ಮಿಕ ಅಲ್ಪಸಂಖ್ಯಾತರು: ಮುಸ್ಲಿಮ್, ಕ್ರೈಸ್ತ, ಸಿಖ್, ಬೌದ್ಧ, ಪಾರಸಿ ಮತ್ತು ಜೈನ. ಕನ್ನಡ ಮಾತನಾಡುವ ಮುಸ್ಲಿಮ್ ಅಥವಾ ಜೈನ ಕುಟುಂಬ ತನ್ನ ಧರ್ಮದ ಆಧಾರದಲ್ಲಿ ಈ ಪಾಲಿಗೆ ಸೇರುತ್ತದೆ. ಕನ್ನಡಿಗರೆಂಬ ಕಾರಣಕ್ಕೆ ಮನೆಯ ಮೀಸಲು ಇಲ್ಲ. ಅರ್ಜಿಯಲ್ಲಿ ತಪ್ಪು ಕಲಮು ತುಂಬಿದರೆ ಕಡತ ಹಿಂದಕ್ಕೆ ಬರುತ್ತದೆ.

ಕೇಂದ್ರದ ಯಾದಿಯಲ್ಲಿ ಹೆಸರು ಬಾರದವರು ರಾಜ್ಯದ ಯೋಜನೆಗಳನ್ನೂ ನೋಡಬೇಕು. ಪರಿಶಿಷ್ಟ ಜಾತಿ ಮತ್ತು ನವಬೌದ್ಧರಿಗೆ ರಮಾಯಿ ಆವಾಸ, ಪರಿಶಿಷ್ಟ ಪಂಗಡಕ್ಕೆ ಶಬರಿ ಆವಾಸ, ವಿಮುಕ್ತ ಜಾತಿ ಮತ್ತು ಅಲೆಮಾರಿ ಬುಡಕಟ್ಟುಗಳಿಗೆ ಯಶವಂತರಾವ್ ಚವ್ಹಾಣ ಮುಕ್ತ ವಸಾಹತ, ಇತರ ಹಿಂದುಳಿದ ವರ್ಗಗಳಿಗೆ 2023ರಲ್ಲಿ ಘೋಷಿಸಿದ ಮೋದಿ ಆವಾಸ ಘರಕುಲ ಯೋಜನೆ ಇವೆ. ಜಾತಿಗಳ ವರ್ಗೀಕರಣ ಗಡಿ ದಾಟಿದೊಡನೆ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಕರ್ನಾಟಕದಲ್ಲಿ ಕುರುಬರು ಹಿಂದುಳಿದ ವರ್ಗ 2ಎ. ಮಹಾರಾಷ್ಟ್ರದಲ್ಲಿ ಧನಗರರು ಅಲೆಮಾರಿ ಬುಡಕಟ್ಟು ‘ಕ’ ಗುಂಪು. ಆದ್ದರಿಂದ ಅರ್ಜಿಗೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರವೇ ಬೇಕು.

ಗ್ರಾಮಸಭೆ: ಎಲ್ಲ ನಿರ್ಣಯದ ಮೂಲ

ಸಮೀಕ್ಷೆಯಿಂದ ಬಂದ ಯಾದಿಯನ್ನು ಗ್ರಾಮಸಭೆಯ ಮುಂದಿಟ್ಟು ಪರಿಶೀಲಿಸಬೇಕು. ಹೆಸರನ್ನು ತೆಗೆದರೆ ಅದಕ್ಕೆ ಕಾರಣವನ್ನು ದಾಖಲಿಸಬೇಕು. ಬಳಿಕ ಯಾದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಆಕ್ಷೇಪವಿದ್ದವರು ಜಿಲ್ಲಾಮಟ್ಟದ ಮೇಲ್ಮನವಿ ಸಮಿತಿಗೆ ಹೋಗಬಹುದು.

ಮಹಾರಾಷ್ಟ್ರದ ಗ್ರಾಮ ಪಂಚಾಯತ ಕಾನೂನಿನಂತೆ ವರ್ಷಕ್ಕೆ ಕನಿಷ್ಠ ನಾಲ್ಕು ಗ್ರಾಮಸಭೆ ನಡೆಯಬೇಕು. ಅದಕ್ಕೂ ಮುನ್ನ ಮಹಿಳೆಯರ ಪ್ರತ್ಯೇಕ ಸಭೆ ನಡೆಯಬೇಕು. ಗಣಪೂರ್ತಿಗೆ ಊರಿನ ಮತದಾರರಲ್ಲಿ 15 ಪ್ರತಿಶತ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಗಣಪೂರ್ತಿಯಿಲ್ಲದೆ ಮುಂದೂಡಿದ ಸಭೆಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಮೊದಲ ಸಭೆಗೆ ಜನ ಬಾರದೆ, ಮುಂದೂಡಿದ ಸಭೆಯಲ್ಲಿ ಕೆಲವೇ ಮಂದಿ ಕುಳಿತು ಠರಾವು ಮಾಡುವುದು ಇದರಿಂದಲೇ ಸಾಧ್ಯವಾಗುತ್ತದೆ. ಯಾದಿಯ ವಿಷಯವಿರುವ ಸಭೆಗೆ ಮನೆಗೊಬ್ಬರಾದರೂ ಹೋಗುವುದು ಇದಕ್ಕಿರುವ ಸರಳ ಉತ್ತರ.

ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಲು ಅಡ್ಡಿಯಿಲ್ಲ. ಯಾದಿಯನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ತಿಳಿಸಬೇಕೆಂದು ಕೇಳಿರಿ. ಹೆಸರು ತೆಗೆದಿದ್ದರೆ ‘ಕಾರಣವೇನು, ನಡಾವಳಿಯಲ್ಲಿ ಬರೆದಿದ್ದೀರಾ?’ ಎಂದು ಕೇಳಿರಿ. ಯಾವ ಆಕ್ಷೇಪವನ್ನೂ ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ (ಪೋಚ್) ಪಡೆಯಬೇಕು.

ಜತ್ತ ತಾಲೂಕಿನಂತಹ ಬರದ ನೆಲದ ಕುಟುಂಬಗಳಿಗೆ ಇನ್ನೊಂದು ಸಂಕಟವಿದೆ. ದೀಪಾವಳಿಯ ಹೊತ್ತಿಗೆ ಮುಕಾದಮನ ಟೋಳಿಯೊಂದಿಗೆ ಕಬ್ಬು ಕಡಿಯಲು ಹೋದವರು ಹಂಗಾಮು ಮುಗಿದ ಮೇಲೆಯೇ ಊರಿಗೆ ಬರುತ್ತಾರೆ. ಆ ಅವಧಿಯಲ್ಲಿ ಸಮೀಕ್ಷೆಯಾದರೆ ಬಾಗಿಲಿಗೆ ಬೀಗವಿರುತ್ತದೆ, ಸಭೆಯಾದರೆ ದನಿಯಿರುವುದಿಲ್ಲ. ಇಂತಹವರು ಹೋಗುವ ಮುನ್ನ ಗ್ರಾಮ ಪಂಚಾಯತಿಗೆ ತಮ್ಮ ಮೊಬೈಲ್ ಸಂಖ್ಯೆಯೊಂದಿಗೆ ಲಿಖಿತ ಸೂಚನೆ ಕೊಟ್ಟು, ಊರಲ್ಲಿರುವ ನಂಬಿಗಸ್ಥ ಬಂಧುವಿಗೆ ಕಾಗದಗಳ ನಕಲನ್ನು ಒಪ್ಪಿಸಿ ಹೋಗುವುದು ಹಿತಕರ.

ಹೆಸರು ಒಂದೇ ಆಗಿರಲಿ

ನಿಯಮಾನುಸಾರ ಮನೆಯು ಪತ್ನಿಯ ಹೆಸರಿನಲ್ಲಿ ಅಥವಾ ಪತಿಪತ್ನಿಯರ ಜಂಟಿ ಹೆಸರಿನಲ್ಲಿ ಮಂಜೂರಾಗುತ್ತದೆ. ವಿಧವೆ, ಅವಿವಾಹಿತ ಮತ್ತು ಬೇರ್ಪಟ್ಟ ವ್ಯಕ್ತಿಗಳ ವಿಷಯದಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಗಡಿಭಾಗದಲ್ಲಿ ಕಡತಗಳು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ. ಇಂಡಿ, ವಿಜಯಪುರ, ಅಫಜಲಪುರ, ಆಳಂದಗಳಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಆಧಾರ್ ಕರ್ನಾಟಕದ್ದು, ತವರಿನ ವಿಳಾಸದ್ದು. ಅಲ್ಲಿ ಹೆಸರಿನ ಮುಂದೆ ತಂದೆಯ ಹೆಸರಿನ ಅಕ್ಷರವಿರುತ್ತದೆ. ಇಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಮರಾಠಿ ಬರಹದಲ್ಲಿ ನಮ್ಮ ಹ್ರಸ್ವ ‘ಎ’, ‘ಒ’ಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ‘ಕೆಂಚವ್ವ’ ಒಂದು ಕಾಗದದಲ್ಲಿ ‘ಕೇಂಚವ್ವಾ’, ಇನ್ನೊಂದರಲ್ಲಿ ‘ಕಂಚಾವಾ’ ಆಗುತ್ತಾಳೆ. ಗಣಕಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಹೆಂಗಸರು.

ಆದ್ದರಿಂದ ಯಾದಿ ಬರುವ ಮುನ್ನವೇ ಆಧಾರ್, ಪಡಿತರ ಚೀಟಿ, ಜಾಬ್ ಕಾರ್ಡ್ ಮತ್ತು ಬ್ಯಾಂಕ್ ಪುಸ್ತಕಗಳಲ್ಲಿ ಒಂದೇ ಕಾಗುಣಿತ ಇರುವಂತೆ ತಿದ್ದಿಸಿಕೊಳ್ಳಬೇಕು. ಮೊದಲು ಆಧಾರ್ ತಿದ್ದಿಸಿ, ಅದರಂತೆ ಉಳಿದವನ್ನು ತಿದ್ದಿಸುವುದು ಸುಲಭ ಮಾರ್ಗ. ತವರಿನ ಪಡಿತರ ಚೀಟಿಯಿಂದ ಹೆಸರು ಕಡಿಮೆ ಮಾಡಿಸದಿದ್ದರೆ ಇಲ್ಲಿ ಸೇರುವುದಿಲ್ಲ.

ಬ್ಯಾಂಕಿನ ವಿಷಯದಲ್ಲಿಯೂ ಎಚ್ಚರ ಬೇಕು. ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಮದುವೆಗೆ ಮುಂಚೆ ತವರೂರಿನಲ್ಲಿ ತೆರೆದು ಮರೆತ ಖಾತೆಯೇ ಜೋಡಣೆಯಾಗಿದ್ದರೆ, ಇಲ್ಲಿ ಕಂತಿಗಾಗಿ ಕಾಯುತ್ತಿರುವಾಗ ಹಣ ಅಲ್ಲಿ ಬಿದ್ದಿರುತ್ತದೆ. ಯಾವ ಖಾತೆ ಜೋಡಣೆಯಾಗಿದೆ ಎಂಬುದನ್ನು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಜಾಗವಿಲ್ಲದವರು

ಗಾವಠಾಣದಲ್ಲಿ ಸ್ವಂತ ಜಾಗವಿದ್ದರೆ ಗ್ರಾಮ ಪಂಚಾಯತಿಯ ನಮೂನೆ 8ರ ಉತಾರ ಬೇಕು. ಮನೆ ಹಿರಿಯರ ಹೆಸರಿನಲ್ಲಿದ್ದರೆ ವಾರಸಾ ನೋಂದಣಿ ಅಥವಾ ಸಮ್ಮತಿಪತ್ರ ಮಾಡಿಸಿಕೊಳ್ಳಬೇಕು. ಜಾಗವೇ ಇಲ್ಲದ ಫಲಾನುಭವಿಗೆ ಸರಕಾರಿ ಅಥವಾ ಇತರ ಜಾಗ ದೊರಕಿಸುವುದು ರಾಜ್ಯದ ಹೊಣೆಯೆಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕಾಗಿ ಪಂಡಿತ ದೀನದಯಾಳ ಉಪಾಧ್ಯಾಯ ಘರಕುಲ ಜಾಗ ಖರೀದಿ ಅರ್ಥಸಹಾಯ ಯೋಜನೆಯಿದೆ. ಮೊದಲು 50,000 ರೂಪಾಯಿ ಇದ್ದ ಈ ನೆರವಿನ ಮಿತಿಯನ್ನು ಬಳಿಕ 1 ಲಕ್ಷಕ್ಕೆ ಏರಿಸಲಾಗಿದೆ. ಯಾದಿಯಲ್ಲಿ ಹೆಸರಿದ್ದೂ ‘ಜಾಗವಿಲ್ಲ’ ಎಂಬ ಷರಾದೊಂದಿಗೆ ನಿಂತಿರುವ ಕಡತವನ್ನು ಅನರ್ಹವೆಂದು ಭಾವಿಸಬೇಡಿ. ಪಂಚಾಯತ ಸಮಿತಿಗೆ ಈ ಯೋಜನೆಯಡಿ ಅರ್ಜಿ ಕೊಡಿ.

ಮಂಜೂರಾತಿಯ ನಂತರ

ಮಂಜೂರಾತಿ ಆದೇಶದ ಬಳಿಕ ಮೊದಲ ಕಂತು (ಹಪ್ತಾ) ಖಾತೆಗೆ ಬರುತ್ತದೆ. ಮುಂದಿನ ಕಂತುಗಳು ಕಟ್ಟಡದ ಮಟ್ಟಕ್ಕೆ ಹೊಂದಿಕೊಂಡಿವೆ: ಪಾಯಾ, ಪ್ಲಿಂತ್, ಕಿಟಕಿಯ ಮಟ್ಟ, ಲಿಂಟಲ್, ಮಾಡು. ಪ್ರತಿ ಮಟ್ಟದಲ್ಲಿ ಗ್ರಾಮೀಣ ಗೃಹನಿರ್ಮಾಣ ಅಭಿಯಂತರು ಅಥವಾ ನೇಮಿತ ಸಿಬ್ಬಂದಿ ಸ್ಥಳದ ಗುರುತಿನೊಡನೆ ಛಾಯಾಚಿತ್ರ ತೆಗೆದು ಆ್ಯಪ್‌ಗೆ ಏರಿಸಬೇಕು. ಛಾಯಾಚಿತ್ರವಿಲ್ಲದೆ ಕಂತು ಇಲ್ಲ. ಕೆಲಸವನ್ನು 12 ತಿಂಗಳೊಳಗೆ ಮುಗಿಸಬೇಕೆಂಬುದು ನಿಯಮ.

ಮನೆಯನ್ನು ಫಲಾನುಭವಿಯೇ ಕಟ್ಟಿಕೊಳ್ಳಬೇಕು, ಗುತ್ತಿಗೆದಾರರನ್ನು ತೊಡಗಿಸುವಂತಿಲ್ಲ. ‘ಪಾಸ್‌ಬುಕ್ ಮತ್ತು ಹೆಬ್ಬೆಟ್ಟು ಕೊಡಿ, ಮನೆ ಕಟ್ಟಿಸಿ ಕೊಡುತ್ತೇವೆ’ ಎನ್ನುವವರಿಗೆ ಯೋಜನೆಯಲ್ಲಿ ಸ್ಥಾನವಿಲ್ಲ. ಯಾದಿಯಲ್ಲಿ ಹೆಸರು ಸೇರಿಸಲು, ಛಾಯಾಚಿತ್ರ ತೆಗೆಯಲು, ಕಂತು ಬಿಡಿಸಲು ಯಾವ ಶುಲ್ಕವೂ ಇಲ್ಲ. ಹಣ ಕೇಳಿದರೆ ಲಂಚ ಪ್ರತಿಬಂಧಕ ವಿಭಾಗದ ಉಚಿತ ಸಂಖ್ಯೆ 1064ಕ್ಕೆ ತಿಳಿಸಬಹುದು.

ಕನ್ನಡದಲ್ಲಿ ಅರ್ಜಿ: ಹಕ್ಕು ಮತ್ತು ಅದರ ಮಿತಿ

ಮಹಾರಾಷ್ಟ್ರದ ರಾಜ್ಯಭಾಷೆ ಮರಾಠಿ. ಅದರ ಕಾನೂನು 1964ರದು. ಆದರೂ ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ‘ಕನ್ನಡ ಅರ್ಜಿ ನಡೆಯದು’ ಎಂದು ಹಿಂದಿರುಗಿಸುವುದು ಈ ವಿಧಿಗೆ ವಿರುದ್ಧ. ಅದೇ ಭಾಷೆಯಲ್ಲಿ ಉತ್ತರ ಕೊಡಬೇಕೆಂದು ಮಾತ್ರ ವಿಧಿ ಹೇಳುವುದಿಲ್ಲ. 1956ರ ಸಂರಕ್ಷಣಾ ಪತ್ರ ಮತ್ತು 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಒಪ್ಪಂದಗಳಂತೆ, ಭಾಷಿಕ ಅಲ್ಪಸಂಖ್ಯಾತರು 15ರಿಂದ 20 ಪ್ರತಿಶತ ಇರುವೆಡೆಗಳಲ್ಲಿ ಮುಖ್ಯ ನೋಟೀಸು ಮತ್ತು ನಿಯಮಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕು. ಘರಕುಲದ ಯಾದಿ ಮತ್ತು ನಿಯಮಗಳ ಕನ್ನಡ ಫಲಕವನ್ನು ನಾವು ಕೇಳುವುದು ಈ ಆಧಾರದಿಂದಲೇ. ಪಾಲನೆಯಾಗದಿದ್ದರೆ 350ಬಿ ವಿಧಿಯಡಿ ನೇಮಕಗೊಂಡ ಭಾಷಿಕ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು. 

ಮಾಹಿತಿ ಹಕ್ಕಿನ ಅರ್ಜಿ ಇದಕ್ಕಿಂತ ಭಿನ್ನ. 2005ರ ಕಾನೂನಿನಂತೆ ಅದು ಹಿಂದಿ, ಇಂಗ್ಲಿಷ್ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಇಲ್ಲಿ ಮರಾಠಿಯಲ್ಲಿ ಬರೆಸುವುದೇ ಲೇಸು. ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ. ಉತ್ತರ 30 ದಿನಗಳಲ್ಲಿ ಬರಬೇಕು. ಮಹಾರಾಷ್ಟ್ರದಲ್ಲಿ ಅರ್ಜಿಯು ಒಂದೇ ವಿಷಯದ್ದಾಗಿದ್ದು 150 ಶಬ್ದ ಮೀರಬಾರದು. ಬರೆಯಲಾಗದವರ ಮೌಖಿಕ ಕೋರಿಕೆಯನ್ನು ಬರೆದುಕೊಳ್ಳಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು.

ಮನವಿಯ ಮಾದರಿ

‘ಗಟ ವಿಕಾಸ ಅಧಿಕಾರಿಗಳು, ಪಂಚಾಯತ ಸಮಿತಿ, (ತಾಲೂಕು) ಇವರಿಗೆ –

ವಿಷಯ: ಘರಕುಲ ಯಾದಿಯಿಂದ ಹೆಸರು ತೆಗೆದ ಬಗ್ಗೆ.

ಮಾನ್ಯರೆ, ನಾನು (ಹೆಸರು), (ಊರು) ನಿವಾಸಿ. ನಮ್ಮದು ಕಚ್ಚಾ ಮನೆ. ಸಮೀಕ್ಷೆಯಲ್ಲಿ ನಮ್ಮ ಹೆಸರಿತ್ತು. (ದಿನಾಂಕ) ರ ಗ್ರಾಮಸಭೆಯ ನಂತರದ ಯಾದಿಯಲ್ಲಿ ಇಲ್ಲ. ಹೆಸರು ತೆಗೆದ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಹಾಗೂ ನನ್ನ ಆಕ್ಷೇಪವನ್ನು ಮೇಲ್ಮನವಿ ಸಮಿತಿಯ ಮುಂದಿಡಬೇಕೆಂದು ವಿನಂತಿ. ಸಂವಿಧಾನದ 350ನೆಯ ವಿಧಿಯಂತೆ ಈ ಮನವಿಯನ್ನು ಕನ್ನಡದಲ್ಲಿ ಸಲ್ಲಿಸಿದ್ದೇನೆ.’

ಇದರೊಂದಿಗೆ ಮರಾಠಿ ಅನುವಾದವನ್ನೂ ಲಗತ್ತಿಸಿದರೆ ಕೆಲಸ ಬೇಗನೆ ಆಗುತ್ತದೆ. ಅನುವಾದ ಕಡ್ಡಾಯವಲ್ಲ, ಅನುಕೂಲ.

ಉಳಿದ ಗಡಿಗಳಲ್ಲಿ

ರಾಜ್ಯ ಬದಲಾದಂತೆ ಯೋಜನೆಯ ಹೆಸರು ಮತ್ತು ಮೊತ್ತ ಬದಲಾಗುತ್ತವೆ. ಕೇರಳದಲ್ಲಿ ಲೈಫ್ ಮಿಷನ್ ಅಡಿ ಸಾಮಾನ್ಯವಾಗಿ 4 ಲಕ್ಷ, ತಮಿಳುನಾಡಿನ ಕಲೈಞರಿನ್ ಕನವು ಇಲ್ಲಂ ಯೋಜನೆಯಲ್ಲಿ 3.5 ಲಕ್ಷ, ತೆಲಂಗಾಣದ ಇಂದಿರಮ್ಮ ಮನೆಗಳಿಗೆ 5 ಲಕ್ಷ ರೂಪಾಯಿ ನೆರವಿದೆ. ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ಬಲವಿದೆ: ಕೇರಳದ 1969ರ ರಾಜ್ಯಭಾಷಾ ಕಾನೂನು ಘೋಷಿತ ಪ್ರದೇಶಗಳ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಮಹಾರಾಷ್ಟ್ರದಲ್ಲಿ ನಾವು ಕೇಳಬೇಕಾದ ಮಾದರಿಯೂ ಅದೇ. 350ನೆಯ ವಿಧಿಯಾದರೋ ಎಲ್ಲ ಗಡಿಗಳ ಕನ್ನಡಿಗರಿಗೂ ಒಂದೇ.

ಮುಂದಿನ ಗ್ರಾಮಸಭೆಗೆ ಮುನ್ನ

– ಪತ್ನಿಯ ಆಧಾರ್, ಪಡಿತರ ಚೀಟಿ, ಜಾಬ್ ಕಾರ್ಡ್, ಬ್ಯಾಂಕ್ ಪುಸ್ತಕಗಳ ಹೆಸರನ್ನು ಒಂದರ ಪಕ್ಕ ಒಂದಿಟ್ಟು ಓದಿ ನೋಡಿ.
– ಆಧಾರ್‌ಗೆ ಜೋಡಣೆಯಾದ ಖಾತೆ ಯಾವುದೆಂದು ವಿಚಾರಿಸಿ.
– ನಮೂನೆ 8ರ ಉತಾರ ಯಾರ ಹೆಸರಿನಲ್ಲಿದೆ ನೋಡಿ.
– ಯಾದಿಯ ಪ್ರತಿಯನ್ನು ಗ್ರಾಮ ಪಂಚಾಯತಿಯಲ್ಲಿ ಕೇಳಿ. ಮರಾಠಿ ಓದಲು ಬಾರದಿದ್ದರೆ ಶಾಲೆಗೆ ತನ್ನಿ.

ನಮ್ಮ ಶಾಲೆಗಳ ಮಕ್ಕಳು ಕನ್ನಡದೊಂದಿಗೆ ಮರಾಠಿಯನ್ನೂ ಕಲಿಯುತ್ತಾರೆ. ಅವರು ಮನೆಯಲ್ಲಿ ಯಾದಿಯನ್ನು ಓದಿ ಹೇಳಬಲ್ಲರು. ಆದರೆ ಅರ್ಜಿ, ಸಹಿ, ಕಚೇರಿಯ ಅಲೆದಾಟ ಮಕ್ಕಳ ಕೆಲಸವಲ್ಲ. ಅದಕ್ಕಾಗಿ ಅವರ ಶಾಲೆ ತಪ್ಪಬಾರದು. ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರು ಮತ್ತು ಶಿಕ್ಷಕರು ಗ್ರಾಮಸಭೆಯ ಹಿಂದಿನ ದಿನ ಸಂಜೆ ಒಂದು ತಾಸು ಕುಳಿತು ಪಾಲಕರ ಕಾಗದಗಳನ್ನು ಓದಿಕೊಟ್ಟರೆ ಬಹಳಷ್ಟು ಕಡತಗಳು ನಿಲ್ಲುವುದು ತಪ್ಪುತ್ತದೆ.